ಜೋಲುಕಿವಿಗೆ ಕೊಟ್ಟ ದಿಂಬಿನ ಬಟ್ಟೆ

ಅಣ್ಣಾ,

ಅಮ್ಮ ಸಿಕ್ಕಿದಳು. ಮೈಗೆ ಏನೂ ಆಗಿಲ್ಲ. ಈಗ ಬೈಯುವುದಿದ್ದರೆ ಬೈ: ಪೊಲೀಸ್ ನಾಯಿಯನ್ನು ನಮ್ಮ ಬೀದಿಗೆ ಕರೆಸಿದವಳು ನಾನೇ.

ಅದು ಬ್ಲಡ್‌ಹೌಂಡ್, ವಾಸನೆ ಹಿಡಿದು ಜಾಡು ಹುಡುಕುವ ನಾಯಿ. ನೆಲ ಗುಡಿಸುವಂಥ ಕಿವಿ, ಹಣೆ ತುಂಬ ಸುಕ್ಕು, ಸಾವಿನ ಮನೆಯಿಂದ ಎದ್ದು ಬಂದಂಥ ಮೋರೆ. ದೊರೆಗಳು ಜಿಂಕೆ ಬೇಟೆಗೆ ಸಾಕಿದ ತಳಿ, ಮುಂದೆ ಅಮೆರಿಕದ ತೋಟಗಳಿಂದ ಓಡಿದ ಗುಲಾಮರ ಬೆನ್ನಿಗೆ ಬಿಟ್ಟ ತಳಿ ಎಂದು ಕಾರ್ಮಿಕ ಸಂಘದ ಸಭೆಯಲ್ಲಿ ನೀನೇ ಗುಡುಗಿದ್ದೆ. ಮರೆತಿಲ್ಲ. ಆದರೆ ಮರೆವು ಹತ್ತಿದ ಅಮ್ಮ ಬೆಳಿಗ್ಗೆಯೇ ಮನೆ ಬಿಟ್ಟಿದ್ದಳು, ಸಂಜೆಯಾದರೂ ಸುಳಿವಿರಲಿಲ್ಲ.

ನಾಯಿಗೆ ಮೂಸಿಸಲು ಅವಳು ತೊಟ್ಟು ಬಿಟ್ಟ ಬಟ್ಟೆಯನ್ನು ಪೊಲೀಸರು ಕೇಳಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ನಾನು ಕೊಳೆ ಬಟ್ಟೆ ಕೊಟ್ಟು ಮಾನ ಕಳೆದುಕೊಳ್ಳಲೇ? ಒಗೆದು ಇಸ್ತ್ರಿ ಮಾಡಿದ ಶಾಲು ಕೊಟ್ಟೆ. ನಾಯಿ ಸೀನಿತು.

“ಏನಕ್ಕಾ, ಇದನ್ನ ಮೂಸಿದ್ರೆ ನಾಯಿ ಸೀದಾ ಸೋಪಿನ ಅಂಗಡಿಗೇ ಹೋಗುತ್ತೆ!” ಎಂದು ಹಗ್ಗ ಹಿಡಿದ ಕಾನ್ಸ್‌ಟೇಬಲ್ ನಕ್ಕ.

ತಲೆ ತಗ್ಗಿಸಿ ಎಣ್ಣೆಜಿಡ್ಡಿನ ದಿಂಬಿನ ಬಟ್ಟೆ ಕೊಟ್ಟೆ. ನಾಯಿ ಮೂಗನ್ನು ನೆಲಕ್ಕಿಟ್ಟು ನಮ್ಮನ್ನು ಎಳೆದೊಯ್ದದ್ದು ಮುಚ್ಚಿದ ಮಿಲ್ಲಿನ ಗೇಟಿಗೆ. ಒಡೆಯರು ಬೀಗ ಜಡಿದು, ಅಮ್ಮನನ್ನು ಬೀದಿಗೆಸೆದು ಮರೆತರು. ನಮ್ಮ ಹೆಸರನ್ನೇ ಮರೆತ ಅಮ್ಮ ತನ್ನ ಪಾಳಿಯನ್ನು ಮರೆತಿಲ್ಲ. ಸೈರನ್ ಕಾಯುತ್ತ ಕೂತಿದ್ದಳು. ನಾಯಿಯ ಗಲ್ಲ ಹಿಡಿದು, “ಯಾಕಪ್ಪಾ ಇಷ್ಟು ಸಪ್ಪಗಿದ್ದೀಯ? ನಿನ್ನನ್ನೂ ಕೆಲಸದಿಂದ ತೆಗೆದ್ರಾ?” ಎಂದಳು. ನಾನು ನಗುತ್ತಲೇ ಅತ್ತುಬಿಟ್ಟೆ.

ಭಾನುವಾರ ಬಾ. ಬಾಗಿಲಿಗೆ ಗಟ್ಟಿ ಚಿಲಕ ತಾ. ಅಮ್ಮನ ದಿಂಬು ವಾಸನೆ ಬರುತ್ತದೆಂದು ಮೂಗು ಮಾತ್ರ ಮುರಿಯಬೇಡ. ಊರವರ ಬಟ್ಟೆಯನ್ನೆಲ್ಲ ಒಗೆಯುತ್ತೇನೆ, ಅದೊಂದನ್ನು ಇನ್ನು ಒಗೆಯುವುದಿಲ್ಲ.

ನಿನ್ನ ತಂಗಿ