ಗುಡ್ಡದ ಮ್ಯಾಲಿನ ಬಿಳೇ ದ್ರಾಕ್ಷಿ

ಫೆಬ್ರುವರಿ 3, ಮುಂಜಾನೆ

ಗಿಳಿ ಮತ್ತ ತೋಟಕ್ಕ ಹೊದಿಸಿದ ಬಲಿ ಹರದಾವು. ಹೊಲಿದು ಹೊಲಿದು ಬೆರಳು ಸೋತ್ವು. ಗೊಂಚಲು ಸಿಹಿ ಹಿಡದಾವು, ಅದಕ್ಕ ಅವಕ್ಕೂ ಅವಸರ.

ಗೊಟಗೋಡಿ ಜಾನಪದ ಯೂನಿವರ್ಸಿಟಿಯ ಹುಡುಗಿ ನುಜಹತ ಫೋನ್ ಮಾಡಿದ್ಲು. ಹಂಸಭಾವಿ ಗುಡ್ಡದ ಮ್ಯಾಲೆ ಮೊದಲ ದ್ರಾಕ್ಷಿ ತೋಟ ಹೆಂಗಾತು, ಅದರ ಹಿಸ್ಟರಿ ರೆಕಾರ್ಡ್ ಮಾಡ್ಕೋತಾಳಂತ. ನಮ್ಮನಿಯವರು ಫೋನ್ ಕಸಗೊಂಡು ಶುರು ಹಚ್ಚಿದ್ರು— ನೆಡಾಕ ಮೊದಲ ದ್ರಾಕ್ಷಿ ಕಡ್ಡಿ ತಂದುಕೊಟ್ಟಾಕಿ ನನ್ನ ಕ್ಲಾಸ್‌ಮೇಟ್ ಸಂಘಮಿತ್ರಾ...

ಅದೇ ಹಾಡು. ಬೀಗರು ಬಂದ್ರೂ ಅದೇ, ದಲ್ಲಾಳಿ ಬಂದ್ರೂ ಅದೇ. ಈ ಸಲ ಅಕೀನ್ನೂ ಕರೀತಾರಂತ.

ಫೆಬ್ರುವರಿ 4

ಇವತ್ತ ಖರೇ ಬರದ ಬಿಡ್ತೇನಿ, ಈ ಡೈರಿ ಓದೋರ್ಯಾರು. ಅಕಿ ತಂದ ಕಡ್ಡಿ ಒಂದೂ ಉಳೀಲಿಲ್ಲ.

ಮದುವಿ ಆದ ವರ್ಷ. ಇವರು ಟ್ರೇನಿಂಗಿಗೆ ಸಾಂಗ್ಲಿಗೆ ಹೋಗಿದ್ರು. ಬಿಸಲಿಗೆ ಎಲ್ಲಾ ಒಣಗಿ ಹೋದ್ವು. ಇವರ ಎದಿ ಒಡೀತದಂತ, ತವರು ತಿಕೋಟಾದಿಂದ ಕಡ್ಡಿ ತರಿಸಿ ಅದೇ ಕುಣಿಯೊಳಗ ಹಚ್ಚಿದೆ. ಗುಡ್ಡ ಹತ್ತಿ ಕೊಡದಾಗ ನೀರು ಹೊತ್ತೆ. ಅಕೀವು ಕರೇ ದ್ರಾಕ್ಷಿ. ಬಿಟ್ಟದ್ದು ಬಿಳೇದು. ನರ್ಸರಿಯವರು ಅಕಿಗೆ ತಪ್ಪಿ ಕೊಟ್ಟಿರಬೇಕು ಅಂದ್ರು ಇವರು. ನಂಬ್ಯಾರ ಅಂತ ನಾನೂ ಸುಮ್ಮನಾದೆ.

ದುಡದಾಕಿ ನಾ, ಹೆಸರು ಅಕೀದು. ಈಗ ಹಿಸ್ಟರಿನೂ ಅಕೀದ ಆಗಬೇಕೇನು? ನುಜಹತನ ಮುಂದ ಹೇಳೇ ಬಿಡ್ತೇನಿ. ಹೇಳದಿದ್ರ ನಾ ಸುಜಾತಾನ ಅಲ್ಲ.

ಫೆಬ್ರುವರಿ 9, ಸಂಜಿ

ಸಂಘಮಿತ್ರಾ ಬಂದಿದ್ಲು. ಬೆಳಗಾವ್ಯಾಗ ದೊಡ್ಡ ಆಫೀಸರ್. ಇನ್ನೂ ಸಣ್ಣಗ ಅದಾಳ, ಒಂದೀಟರ ಮುದುಕಿ ಆಗಬಾರದಿತ್ತೇನು. ಇವರು ಇಸ್ತ್ರಿ ಅಂಗಿ. ನನ್ನ ತಮ್ಮನ ಮದುವಿಗೂ ಇಸ್ತ್ರಿ ಮಾಡಿಸಿದ್ದಿಲ್ಲ ಈ ಪುಣ್ಯಾತ್ಮ.

ನುಜಹತ ಮೊಬೈಲ್ ಹಿಡದ್ಲು. ನಾ ಬಾಯಿ ತಗಿಯೂದ್ರಾಗ ಸಂಘಮಿತ್ರಾನ ಒಂದು ಗೊಂಚಲು ಎತ್ತಿ ನೋಡಿದ್ಲು.

"ಇವು ನಾ ಕೊಟ್ಟವಲ್ಲ. ನಾ ಕೊಟ್ಟಿದ್ದು ಕರೇದು. ಇವನ್ನ ಯಾರು ಹಚ್ಚಿದ್ರು?"

ನಮ್ಮನಿಯವರು ತಣ್ಣಗ ಅಂದ್ರು— "ಸುಜಾತಾ. ನಿನ್ನವು ಒಣಗಿದ್ವು. ಮೊದಲ ಹಣ್ಣು ಬಂದಾಗನ ನನಗ ತಿಳೀತು."

ಸಂಘಮಿತ್ರಾ ನನ್ನ ಕೈ ಹಿಡಕೊಂಡು, ನುಜಹತಗ ನನ್ನ ಹೆಸರು ನೆಟ್ಟಗ ಬರಕೋ ಅಂದ್ಲು. ಒಳ್ಳೇಕೀನೂ ಇರಬೇಕೇನು ಮತ್ತ? ನನ್ನ ಖರೇ ಮಾತೂ ಅಕೀ ಬಾಯಿಂದನ ಬರಬೇಕಾತು.

ಅದೇ ದಿನ, ಊಟ ಆದಮ್ಯಾಲೆ

ಇವರಿಗೆ ಕೇಳೇ ಬಿಟ್ಟೆ. ಗೊತ್ತಿದ್ದೂ ಇಷ್ಟು ವರ್ಷ ಅಕೀ ಹೆಸರು ಯಾಕ ಹೇಳಿದ್ರಿ?

"ನೀ ಒಮ್ಮಿಯರ ಸಿಟ್ಟಿಗೆದ್ದು 'ಅಲ್ಲ, ನಾ ಹಚ್ಚೀನಿ' ಅಂತೀ ಅಂತ ದಾರಿ ನೋಡಿದೆ" ಅಂದ್ರು. ನಗಾಕತ್ತಿದ್ರು.

ಅಂದ್ರ ನಾ ಉರಿಯೂದು ಕಾಣ್ತಿತ್ತು ಇವರಿಗೆ. ಕಂಡೂ, ವರ್ಷಾ ವರ್ಷಾ, ಬಂದವರ ಮುಂದೆಲ್ಲಾ, ನನ್ನ ಮಾರಿ ನೋಡಿಕೋತನ ಅಕೀ ಹೆಸರು...