ಗವರ್ನರ್ ನಿಂತ ಬಾಗಿಲು, ನನ್ನ ಗಂಡನ ಗಾಲಿಕುರ್ಚಿ

ಪರಂಪರೆ ಸಂರಕ್ಷಣೆಯ ಮಾನ್ಯ ಅಧಿಕಾರಿಗಳೇ,

ನನ್ನ ಗಂಡ ತನ್ನ ಸ್ವಂತ ಮನೆಗೆ ಬರುವಂತಿಲ್ಲ. ಕಾರಣ, ನೂರು ವರ್ಷಕ್ಕೂ ಹಿಂದೆ ಒಬ್ಬ ಗವರ್ನರ್ ಆ ಮನೆಯ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ಹಲವು ಸಲ ಬರೆದು ತಿಳಿಸಿದ್ದೇನೆ. ಪ್ರತಿಸಲವೂ ಹಿಂದಿನದಕ್ಕಿಂತ ಹೆಚ್ಚು ವಿನಯದಿಂದ ‘ಆಗದು’ ಎಂಬ ಉತ್ತರ ಬಂದಿದೆ. ನಿಮ್ಮ ವಿನಯವನ್ನು ಊರವರೂ ಸವಿಯಲಿ ಎಂದು ಈ ಸಲ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಪೋರ್ಟ್ ಪೆಂಗೆಲಿಯ ಕಡಲ ದಂಡೆಯಲ್ಲಿರುವ ನಮ್ಮ ಮನೆ ಒಂದು ಹಳೆಯ ರೈಲು ಡಬ್ಬಿ. ಹಡಗು ನಿಲ್ಲುವ ಜೆಟ್ಟಿಗೆ ಗೋಧಿ ತರುತ್ತಿದ್ದ ಕಿರಿದಾದ ಹಳಿಯ ಮೇಲೆ ಓಡಿ ಓಡಿ ಸವೆದದ್ದನ್ನು ರೈಲ್ವೆಯವರು ಬೇಡವೆಂದು ಬಿಸಾಡಿದ್ದರು. ಆಗ ನನ್ನ ಮಾವ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಮರಳಿನ ಮೇಲೆ ಎಳೆದು ತಂದರು. ನನ್ನ ಗಂಡ ಕ್ಲೆಮ್ ಬೆಳೆದದ್ದು ಅದರಲ್ಲಿ. ನಾನು ಮದುವೆಯಾಗಿ ಬಂದದ್ದೂ ಅದಕ್ಕೇ. ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಹಾಸಿಗೆ, ನಡುವೆ ನಮ್ಮ ಸಂಸಾರ. ಎರಡು ತುದಿಗೂ ಒಂದೊಂದು ಬಾಗಿಲು, ಎರಡೂ ಇಕ್ಕಟ್ಟು. ಕೈಯಲ್ಲಿ ಮೀನಿನ ಬುಟ್ಟಿ ಇದ್ದರೆ ಕ್ಲೆಮ್ ಅಡ್ಡಲಾಗಿ ತಿರುಗಿ ಒಳಗೆ ಬರುತ್ತಿದ್ದ. ಅದನ್ನೊಂದು ಕಷ್ಟವೆಂದು ನಾವು ಎಂದೂ ಎಣಿಸಿರಲಿಲ್ಲ.

ನಮ್ಮೂರಿನ ಲಿಂಡ್ಸೆ ಶುಲ್ಟ್ಸ್‌ನನ್ನು ನೀವು ಬಲ್ಲಿರಿ. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು. ಹಳೆಯ ರೈಲು, ಹಡಗು, ಲಾರಿಗಳ ಫೋಟೋ ಎಲ್ಲಿ ಸಿಕ್ಕರೂ ತಂದು ವರ್ಷಕ್ಕೊಮ್ಮೆ ಸಭಾಭವನದಲ್ಲಿ ಪ್ರದರ್ಶನಕ್ಕಿಡುತ್ತಾನೆ. ಒಂದು ದಿನ ಅವನು ಏದುಸಿರು ಬಿಡುತ್ತ ನಮ್ಮಲ್ಲಿಗೆ ಓಡಿಬಂದ. ಯಾರದೋ ಹಳೆಯ ಸಾಮಾನಿನ ಹರಾಜಿನಲ್ಲಿ ಅವನಿಗೊಂದು ಚಿತ್ರ ಸಿಕ್ಕಿತ್ತು: ಜೆಟ್ಟಿಯ ಪಕ್ಕದಲ್ಲಿ ಗೋಧಿ ಮೂಟೆ ತುಂಬಿಕೊಳ್ಳುತ್ತಿರುವ ಮೂರು ಪಟಸ್ತಂಭದ ಹಡಗು, ಅದರ ಮುಂದೆ ರೈಲು, ರೈಲಿನ ಡಬ್ಬಿಯೊಂದರ ಬಾಗಿಲಲ್ಲಿ ಚೌಕಟ್ಟಿಗೆ ಕೈಯೂರಿ ನಿಂತ, ಗರಿಯ ಟೋಪಿಯ ಗವರ್ನರ್.

"ಡಬ್ಬಿಯ ನಂಬರ್ ನೋಡು ಕ್ಲೆಮ್, ನಿನ್ನ ಮನೇದೇ!" ಎಂದ ಲಿಂಡ್ಸೆ.

"ಹೌದಲ್ಲೋ!" ಎಂದ ಕ್ಲೆಮ್. "ಆ ಮನುಷ್ಯ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಸ್ವಲ್ಪ ಸರ್ಕೊಳ್ಳಿ ಅಂತ ಯಾರೂ ಹೇಳಲಿಲ್ವಾ?"

ಚಿತ್ರ ಪತ್ರಿಕೆಯಲ್ಲಿ ಬಂತು. ಹಿಂದೆಯೇ ನೀವು ಬಂದಿರಿ. ನಾನು ಮಾಂಸದ ಹೂರಣದ ಪೇಸ್ಟಿ ಬೇಯಿಸಿದ್ದೆ. ನೀವು ಎರಡು ತಿಂದು ಹೊಗಳಿದಿರಿ. ಗೋಡೆಯ ಹಲಗೆಗಳನ್ನು ಕೈಯಿಂದ ಸವರುತ್ತ ಹೇಳಿದಿರಿ: "ನೀವು ಪುಣ್ಯವಂತರು. ಇತಿಹಾಸದ ಒಳಗೇ ಸಂಸಾರ ಮಾಡ್ತಿದ್ದೀರಿ."

"ಮಳೆ ಬಂದ್ರೆ ಇತಿಹಾಸ ಸೋರುತ್ತೆ ಸಾಹೇಬ್ರೇ. ಅದಕ್ಕೇನಾದ್ರೂ ಸಹಾಯ ಉಂಟಾ?" ಎಂದು ಕ್ಲೆಮ್ ಕೇಳಿದ. ನೀವು ನಕ್ಕಿರಿ. ಸಹಾಯ ಇರಲಿಲ್ಲ. ಒಂದು ಹಿತ್ತಾಳೆಯ ಫಲಕ ಮಾತ್ರ ಬಂತು. ಅದರೊಂದಿಗೆ, ನಿಮ್ಮ ಅನುಮತಿಯಿಲ್ಲದೆ ಡಬ್ಬಿಯ ಒಂದು ಮೊಳೆಯನ್ನೂ ಕೀಳಬಾರದೆಂಬ ಆದೇಶವೂ ಬಂತು. ಆಗ ನಮಗೆ ಕೀಳಬೇಕಾದ ಮೊಳೆ ಯಾವುದೂ ಇರಲಿಲ್ಲ. ಆದ್ದರಿಂದ ಸಂತೋಷದಿಂದಲೇ ಫಲಕಕ್ಕೆ ಪಾಲಿಷ್ ಹಾಕಿಕೊಂಡಿದ್ದೆವು.

ಮರುವರ್ಷ ಸಕ್ಕರೆ ಕಾಯಿಲೆ ಉಲ್ಬಣಿಸಿ ಕ್ಲೆಮ್‌ನ ಬಲಗಾಲನ್ನು ಮೊಣಕಾಲಿನ ಮೇಲೆ ತೆಗೆದರು. ಆಂಬುಲೆನ್ಸಿನವರು ಅವನನ್ನು ಎತ್ತಿ, ಅಡ್ಡಡ್ಡ ಹೊರಳಿಸಿ ಒಳಗೆ ಮಲಗಿಸಿದರು. ಗಾಲಿಕುರ್ಚಿಯನ್ನು ಮಡಚಿ ಹಿಂದಿನಿಂದ ತಳ್ಳಿದರು. ಬಾಗಿಲು ಕುರ್ಚಿಗಿಂತ ಒಂದು ಗೇಣು ಚಿಕ್ಕದು. ಪಕ್ಕದ ಮನೆಯ ಸ್ಟೀಪೋ ಟ್ಯೂನಾ ಮೀನು ಹಿಡಿಯುವ ದೋಣಿಯವನು, ಮರಗೆಲಸವೂ ಗೊತ್ತು. ಹೊರಗೆ ಒಂದೇ ವಾರದಲ್ಲಿ ಇಳಿಜಾರು ಕಟ್ಟಿಕೊಟ್ಟ. ಆ ಇಳಿಜಾರಿನ ಮೇಲೆ ಈವರೆಗೆ ಓಡಾಡಿರುವುದು ಕಡಲಹಕ್ಕಿಗಳು ಮಾತ್ರ.

ಬಾಗಿಲನ್ನು ಒಂದು ಗೇಣು ಅಗಲ ಮಾಡಲು ನಿಮ್ಮ ಅನುಮತಿ ಕೇಳಿದೆ. ಗವರ್ನರರ ಕೈ ತಗುಲಿದ ಚೌಕಟ್ಟು ಫೋಟೋದಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ಅದು ಅಮೂಲ್ಯ ಎಂದಿರಿ. ಹಾಗಾದರೆ ಇನ್ನೊಂದು ಬಾಗಿಲು? ಅದು ಇದರ ಜೋಡಿಯಂತೆ. ಜೋಡಿಯನ್ನು ಅಗಲಿಸುವುದು ತಪ್ಪಂತೆ. ಗಂಡಹೆಂಡಿರ ಜೋಡಿಯ ವಿಷಯದಲ್ಲಿ ನಿಮ್ಮ ನಿಯಮ ಏನು ಹೇಳುತ್ತದೆ ಎಂದು ಕೇಳಬೇಕೆನಿಸಿತ್ತು. ಕೊನೆಯಲ್ಲಿ ಒಂದು ಸಲಹೆಯನ್ನೂ ಕೊಟ್ಟಿದ್ದಿರಿ: ಇನ್ನಷ್ಟು ಕಿರಿದಾದ ಗಾಲಿಕುರ್ಚಿ ಸಿಗುತ್ತದೆಯೇ ಪರಿಶೀಲಿಸಿ. ಕುರ್ಚಿ ಸಿಗಬಹುದು, ಮಾನ್ಯರೇ. ಇನ್ನಷ್ಟು ಕಿರಿದಾದ ಕ್ಲೆಮ್‌ನನ್ನು ಎಲ್ಲಿಂದ ತರಲಿ?

ಎರಡು ಚಳಿಗಾಲ ಅವನು ಕಿಟಕಿಯ ಬಳಿ ಕುಳಿತ. ಮೊದಮೊದಲು ದಂಡೆಯಲ್ಲಿ ಹೋಗುವವರನ್ನು ಕರೆದು, "ಏ, ಟಿಕೆಟ್ ತಗೊಂಡಿದ್ದೀಯಾ? ಈಗ ಹೊರಡುತ್ತೆ ಗಾಡಿ!" ಎನ್ನುತ್ತಿದ್ದ. ಗೆಳೆಯರು ಕಿಟಕಿಯ ಹೊರಗೆ ನಿಂತೇ ಬಿಯರ್ ಕುಡಿದು ಹೋಗುತ್ತಿದ್ದರು. ಅವನ ಅಕ್ಕ ಐವಿ ತೀರಿಕೊಂಡಾಗ ಮಣ್ಣಿಗೆ ಹೋಗಲಾಗಲಿಲ್ಲ. ಎತ್ತಿಕೊಂಡು ಹೋಗುತ್ತೇವೆಂದು ಜನ ಮುಂದೆ ಬಂದರು. "ಅಕ್ಕನ ಮುಂದೆ ಮೂಟೆ ಹಾಗೆ ಬರಲ್ಲ ನಾನು," ಎಂದುಬಿಟ್ಟ. ಹಾಗಾಗಿ ಶವದ ಗಾಡಿಯನ್ನೇ ನಮ್ಮ ಕಿಟಕಿಯ ಕೆಳಗೆ ತಂದು ನಿಲ್ಲಿಸಿದರು. ಕ್ಲೆಮ್ ಕೈ ಹೊರಚಾಚಿ ಗಾಡಿಯ ತಗಡನ್ನು ಮುಟ್ಟಿದ. ಗಾಡಿ ಹೋದ ಮೇಲೂ ಆ ಕೈ ಹೊರಗೇ ಇತ್ತು. ಅಂದಿನಿಂದ ಟಿಕೆಟಿನ ಮಾತು ನಿಂತಿತು. ಕೆಲವು ದಿನಗಳ ನಂತರ, "ಮೆರ್ಲ್, ಪರದೆ ಎಳೆದುಬಿಡು. ಸಮುದ್ರ ನೋಡಕ್ಕಾಗ್ತಾ ಇಲ್ಲ," ಎಂದ.

ಕಳೆದ ಬೇಸಿಗೆಯಲ್ಲಿ, ಬಿಸಿಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಊರಾಚೆಯ ಒಣಹುಲ್ಲಿಗೆ ಬೆಂಕಿ ಹತ್ತಿ ಸೈರನ್ ಕೂಗಿತು. ಎಲ್ಲರೂ ಜೆಟ್ಟಿಯತ್ತ ಓಡಿದರು. ನನಗೂ ಅವನಿಗೂ ಓಡಲು ದಾರಿಯಿರಲಿಲ್ಲ. ಹೊಗೆ ಹಲಗೆಗಳ ಸಂದಿಯಿಂದ ಒಳಗೆ ಬರತೊಡಗಿತು.

"ನೀನು ಹೋಗು," ಎಂದ ಕ್ಲೆಮ್.

"ಬಾಯಿ ಮುಚ್ಚು," ಎಂದೆ.

"ಲೇ, ಹೋಗೇ. ಇಬ್ಬರೂ ಸುಟ್ಟುಕೊಂಡು ಯಾರಿಗೇನು ಲಾಭ?"

ಅಷ್ಟರಲ್ಲಿ ಸ್ಟೀಪೋ ನುಗ್ಗಿ ಬಂದ. ಅವನು ತೋಳು ಹಿಡಿದ, ನಾನು ಸೊಂಟ ಹಿಡಿದೆ. ಕ್ಲೆಮ್ ದೊಡ್ಡ ಆಳು. ಅಡ್ಡ ತಿರುಗಿಸಲು ನಮ್ಮಿಬ್ಬರಿಂದ ಆಗಲಿಲ್ಲ. ಬಾಗಿಲ ಚೌಕಟ್ಟಿಗೆ ಅವನ ಭುಜ ಸಿಕ್ಕಿಕೊಂಡಿತು. "ಎಳಿ! ಏನಾದ್ರೂ ಆಗ್ಲಿ, ಎಳಿ!" ಎಂದು ಅವನೇ ಕಿರುಚಿದ. ಸ್ಟೀಪೋ ಎಳೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅದು ಈಗಲೂ, ಪಾತ್ರೆ ತೊಳೆಯುವಾಗಲೂ ಕೇಳಿಸುತ್ತದೆ.

ಗಾಳಿ ತಿರುಗಿ ಬೆಂಕಿ ಬೇರೆ ಕಡೆ ಹೋಯಿತು. ನಿಮಗೆ ಸಮಾಧಾನವಾಗಲಿ: ಚೌಕಟ್ಟಿಗೆ ಏನೂ ಆಗಿಲ್ಲ.

ಕ್ಲೆಮ್ ಅಂದಿನಿಂದ ದೂರದ ಪಟ್ಟಣದ ಆಸ್ಪತ್ರೆಯಲ್ಲಿದ್ದಾನೆ. ಭುಜ ವಾಸಿಯಾಗಿದೆ. ಆದರೆ ಕುರ್ಚಿ ಹಿಡಿಸದ ಮನೆಗೆ ಕಳಿಸುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅವರ ಮಾತು ಸರಿಯಾಗಿಯೇ ಇದೆ. ಬಾಗಿಲು ಅಗಲವಾಗದಿದ್ದರೆ ಈ ತಿಂಗಳ ಕೊನೆಗೆ ಅವನನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತಾರೆ. ಅಲ್ಲಿಂದ ಯಾರಾದರೂ ಮನೆಗೆ ಮರಳಿದ್ದನ್ನು ನಾನಂತೂ ಕಂಡಿಲ್ಲ.

ಲಿಂಡ್ಸೆಗೆ ನಿದ್ದೆ ಬರಲಿಲ್ಲವಂತೆ. "ನನ್ನ ಫೋಟೋದಿಂದ್ಲೇ ಹಾಳಾಯ್ತು ಮೆರ್ಲ್. ಬಿಡಿಸೋದಕ್ಕೂ ಒಂದು ಫೋಟೋ ಹುಡುಕ್ತೀನಿ," ಎಂದು ಊರೂರು ಅಲೆದ. ಕೊನೆಗೂ ಹುಡುಕಿದ! ಮೊದಲ ಮಹಾಯುದ್ಧ ಮುಗಿದಾಗ ಹರಡಿದ ಜ್ವರದ ಕಾಲದ ಚಿತ್ರ. ಹಡಗಿನಿಂದ ರೋಗಿಗಳನ್ನು ಇಳಿಸುತ್ತಿದ್ದಾರೆ. ನಮ್ಮದೇ ಡಬ್ಬಿಯ ಪಕ್ಕದ ಗೋಡೆಯಲ್ಲಿ ಸ್ಟ್ರೆಚರ್ ಹಿಡಿಸುವಷ್ಟು ದೊಡ್ಡ ಬಾಗಿಲು ಕೊರೆದಿದ್ದಾರೆ. ಕೊರೆದವರು ಸ್ವತಃ ರೈಲ್ವೆಯವರು. ಆಮೇಲೆ ಅದನ್ನು ಹಲಗೆ ಹೊಡೆದು ಮುಚ್ಚಿದ್ದರು. ಒಳಗಿನ ಬಣ್ಣ ಕೆರೆದು ನೋಡಿದರೆ ಆ ಗುರುತು ಈಗಲೂ ಇದೆ. ನಾನೂ ಲಿಂಡ್ಸೆಯೂ ಅಡುಗೆ ಒಲೆಯ ಮುಂದೆ ಮಕ್ಕಳ ಹಾಗೆ ಕುಣಿದೆವು. ಕ್ಲೆಮ್‌ಗೆ ಫೋನ್ ಮಾಡಿ, "ಬಟ್ಟೆ ಮಡಚಿಟ್ಟುಕೋ," ಎಂದೆ.

ನಿಮ್ಮ ಉತ್ತರ ಹೋದ ವಾರ ಬಂತು. ಚಿತ್ರ ಅತ್ಯಂತ ಅಪರೂಪದ್ದು ಎಂದಿದ್ದೀರಿ. ಇದರಿಂದ ಡಬ್ಬಿಯ ಮಹತ್ವ ಇನ್ನೂ ಹೆಚ್ಚಿತು ಎಂದಿದ್ದೀರಿ. ಆ ಬಾಗಿಲನ್ನು ಮುಚ್ಚಿದ ಹಲಗೆಗಳೂ ರೈಲ್ವೆಯ ಕಾಲದವೇ ಆದ್ದರಿಂದ, ಇನ್ನು ಮುಂದೆ ಅವುಗಳಿಗೂ ಸಂರಕ್ಷಣೆ ಅನ್ವಯಿಸುತ್ತದೆ ಎಂದಿದ್ದೀರಿ. ರೋಗಿಗಳನ್ನು ಒಳಗೆ ಕರೆದುಕೊಳ್ಳಲು ಗೋಡೆ ಕೊರೆದದ್ದು ಇತಿಹಾಸ. ಅದೇ ಕೆಲಸವನ್ನು ಈಗ ನಾನು ಮಾಡಿದರೆ ಅಪರಾಧ. ಇತಿಹಾಸ ಎಂಬುದು ಯಾವ ದಿನಾಂಕಕ್ಕೆ ನಿಂತುಹೋಯಿತು, ದಯವಿಟ್ಟು ತಿಳಿಸುವಿರಾ? ಆ ಜ್ವರದ ರೋಗಿಗಳಿಗಿಂತ ನನ್ನ ಗಂಡ ಯಾವುದರಲ್ಲಿ ಕಡಿಮೆ? ಸತ್ತು ನೂರು ವರ್ಷ ಆಗಿಲ್ಲ ಎಂಬುದರಲ್ಲಿಯೇ?

ಈ ಸುದ್ದಿಯನ್ನು ಕ್ಲೆಮ್‌ಗೆ ಇನ್ನೂ ಹೇಳಿಲ್ಲ. ನಿನ್ನೆ ಫೋನಿನಲ್ಲಿ, "ಬಟ್ಟೆ ಮಡಚಿ ಇಟ್ಕೊಂಡೇ ಕೂತಿದ್ದೀನಿ ಕಣೇ. ನರ್ಸಮ್ಮ ಕಪಾಟಿಗೆ ಇಡೋಣ ಅಂದ್ರೂ ಬಿಡ್ಲಿಲ್ಲ," ಎಂದ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಮುಚ್ಚಿದ ಆ ಹಲಗೆಗಳನ್ನು ತೆಗೆಯಲು ಬರುವ ಶುಕ್ರವಾರದೊಳಗೆ ಅನುಮತಿ ಕೊಡಿ. ಕೊಡದಿದ್ದರೂ ಶನಿವಾರ ಬೆಳಿಗ್ಗೆ ಸ್ಟೀಪೋನ ಗರಗಸದಿಂದ ಗೋಡೆಯನ್ನು ನಾನೇ ಕೊಯ್ಯುತ್ತೇನೆ. ಅವನ ಕೈಗೆ ಕೊಡುವುದಿಲ್ಲ, ಶಿಕ್ಷೆ ಅವನಿಗೆ ಆಗಬಾರದು. ದಂಡ ಹಾಕಿದರೆ ಕಟ್ಟಲು ನನ್ನಲ್ಲಿ ಹಣವಿಲ್ಲ, ಜೈಲಿಗೇ ಕಳಿಸಬೇಕಾಗುತ್ತದೆ. ನಿನ್ನೆ ನಮ್ಮೂರ ಪೊಲೀಸಿನವನನ್ನು ಈ ಬಗ್ಗೆ ವಿಚಾರಿಸಿಕೊಂಡೆ. ಜೈಲಿನ ಬಾಗಿಲುಗಳೆಲ್ಲ ಗಾಲಿಕುರ್ಚಿ ಸರಾಗವಾಗಿ ಹೋಗುವಷ್ಟು ಅಗಲವಿವೆಯಂತೆ. ಕ್ಲೆಮ್ ಪ್ರತಿ ಭಾನುವಾರ ನನ್ನನ್ನು ನೋಡಲು ಬರಬಹುದು.

ಇಂತಿ,
ನಿಮ್ಮ ಕಡತದಲ್ಲಿ ‘ಸದ್ಯದ ನಿವಾಸಿ’ ಎಂದು ಮಾತ್ರ ನಮೂದಾಗಿರುವ,
ಮೆರ್ಲ್ ಟ್ರೆನೆರಿ
ಪೋರ್ಟ್ ಪೆಂಗೆಲಿ