ಪರದೆಯ ಮೇಲೆ ತೀರಿಕೊಂಡವನು

ಗೌರಿಬಿದನೂರು
೧೦-೨-೧೯೬೫

ಚಿರಂಜೀವಿ ದಕ್ಷಿಣಾಮೂರ್ತಿಗೆ ತಾತನ ಮನಸಾರೆ ಆಶೀರ್ವಾದಗಳು.

ಮದರಾಸಿನ ಹೋಟೆಲು ಊಟ ಒಗ್ಗಿತೇ? ಕೆಮ್ಮು ನಿಂತಿತೇ? ನೀನು ಕಳಿಸಿದ ನಶ್ಯದ ಡಬ್ಬಿ ತಲುಪಿದೆ, ಇನ್ನೂ ತೆರೆದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ ಕಣಪ್ಪ.

ನೀನೂ ನಿನ್ನ ಗೆಳೆಯರೂ ಸೇರಿ ನಮ್ಮ ಬೀದಿಯಲ್ಲೇ ತೆಗೆದಿರಲ್ಲ, ಬೆಂಗಳೂರಿನ ಯಾವ ಟಾಕೀಸಿನವರೂ ಮೂಸಿ ನೋಡದ ಆ ದೆವ್ವದ ಸಿನಿಮಾ, ಅದು ಕಡೆಗೆ ಮಂಚೇನಹಳ್ಳಿಯಲ್ಲಿ ಗಂಗುಲಪ್ಪನ ಟೆಂಟಿಗೆ ಬಂತು. ಸತ್ತು ದೆವ್ವವಾಗಿ ಮನೆಗೆ ಬರುವ ಮುದುಕ ನಾನೇ ಆದಮೇಲೆ ನೋಡದೆ ಬಿಡುವುದುಂಟೇ? ನಿನ್ನ ಅಜ್ಜಿಯನ್ನೂ ಕರೆದುಕೊಂಡು ಹೋದೆವು. ನೀವು ಸಿನಿಮಾ ತೆಗೆಯುವಾಗ ಅವಳು ಚಿಂತಾಮಣಿಯಲ್ಲಿ ಮಗಳ ಮನೆಯಲ್ಲಿದ್ದಳು, ಏನೂ ನೋಡಿರಲಿಲ್ಲ. ಈಚೆಗೆ ಅವಳಿಗೆ ಮರೆವು ಹೆಚ್ಚಾಗಿರುವುದು ನಿನಗೂ ಗೊತ್ತು. ಮೊದಲು ರೇಷ್ಮೆ ಹುಳುವಿನ ಮೇಲೆ ಒಂದು ಸಾಕ್ಷ್ಯಚಿತ್ರ ಹಾಕಿದರು. ಅದರಲ್ಲಿ ದಿಬ್ಬೂರಹಳ್ಳಿಯ ನಮ್ಮ ಅಮ್ಮಾಜಮ್ಮ ಸೊಪ್ಪು ಹಾಕುತ್ತಿದ್ದಳು. ಅಜ್ಜಿಗೆ ಆಶ್ಚರ್ಯವೋ ಆಶ್ಚರ್ಯ. ನಿನ್ನ ಅಮ್ಮ, "ಹೌದತ್ತೆ, ನಡೆದಿದ್ದನ್ನೇ ತೆಗೆದಿರೋದು" ಎಂದಳಂತೆ. ಅದರ ಹಿಂದೆಯೇ ನಿನ್ನ ಸಿನಿಮಾ.

ಟೆಂಟಿನಲ್ಲಿ ಒಬ್ಬರೂ ಹೆದರಲಿಲ್ಲ. ದೆವ್ವ ಬಂದಾಗ "ನಮಸ್ಕಾರ ಮೇಷ್ಟ್ರೇ" ಎಂದು ಮುಂದೆ ನೆಲದ ಮೇಲೆ ಕೂತವರು ಕೂಗಿದರು. ನನ್ನನ್ನು ಚಟ್ಟದ ಮೇಲೆ ಮಲಗಿಸಿ ಬಾಯಿಗೆ ಅಕ್ಕಿಕಾಳು ಹಾಕುವಾಗ ಅಜ್ಜಿ ಮಾತ್ರ ಅಲುಗಾಡದೆ ಕೂತಿದ್ದಳಂತೆ. ನಾನು ಗಂಡಸರ ಕಡೆ ಕೂತಿದ್ದೆ. ಪಕ್ಕದಲ್ಲಿದ್ದಿದ್ದರೆ ಕೈ ಹಿಡಿದುಕೊಳ್ಳಬಹುದಿತ್ತು.

ಮಾರನೆಯ ದಿನ ಅವಳು ಕುಂಕುಮ ಅಳಿಸಿ ಬಳೆ ತೆಗೆದಿಟ್ಟಳು. ತಾಳಿಯನ್ನು ನಿನ್ನ ಅಮ್ಮ ಕಾಲು ಹಿಡಿದು ಉಳಿಸಿದ್ದಾಳೆ. ನನ್ನ ಪಾಲಿನ ಅನ್ನವನ್ನು ಹಿತ್ತಲ ಗೋಡೆಯ ಮೇಲೆ ಕಾಗೆಗೆ ಇಡುತ್ತಾಳೆ. ನಿನ್ನೆ ನಾನೇ ಹೋಗಿ ಗೋಡೆಯ ಬಳಿ ನಿಂತೆ. "ಬಂದ್ರಾ? ಹುಳಿಗೆ ಉಪ್ಪು ಸರಿಯಾಗಿದ್ಯಾ ನೋಡಿ. ಒಳಗೆ ಮಾತ್ರ ಬರ್ಬೇಡಿ, ಮಕ್ಳು ಹೆದ್ರುಕೊಳ್ತಾವೆ" ಎಂದಳು. ಉಪ್ಪು ಸರಿಯಾಗಿಯೇ ಇತ್ತು. ಅಲ್ಲೇ ನಿಂತು ಉಂಡೆ. ಅಳು ತಡೆಯಲಾಗಲಿಲ್ಲ.

ಡಾಕ್ಟರು ವಯಸ್ಸಿನ ಭ್ರಮೆ ಎನ್ನುತ್ತಾರೆ, ಪುರೋಹಿತರು ಶಾಂತಿ ಮಾಡಿಸಿ ಎನ್ನುತ್ತಾರೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಊರೆಲ್ಲ ನಕ್ಕ ಸಿನಿಮಾವನ್ನು ನಂಬಿದವಳು ಅವಳೊಬ್ಬಳೇ. ಆದರೆ ಅವಳ ಪಾಲಿಗೆ ಇಲ್ಲದವನಾಗಿ ಅವಳ ಕಣ್ಣೆದುರೇ ಓಡಾಡುವುದು ನನ್ನಿಂದ ಆಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ಕೈಗೂಡಲಿ.

ಇತಿ ನಿನ್ನ ತಾತ,
ಪುಟ್ಟಸ್ವಾಮಯ್ಯ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ನಶ್ಯ ಏರಿಸಿದೆ, ಸೀನು ಬಂತು, ನೆನಪಾಯಿತು. ಚಟ್ಟದ ಮೇಲಿದ್ದಾಗ ಹಾರ ಮೂಗಿಗೆ ತಾಗಿ ನಾನು ಸೀನಿ ಎದ್ದು ಕೂತೆನಲ್ಲ, ಹೊರಲು ಬಂದವರೆಲ್ಲ ನಕ್ಕರಲ್ಲ? ಕ್ಯಾಮೆರಾ ಓಡುತ್ತಲೇ ಇತ್ತು, ರೀಲು ದಂಡವಾಯಿತೆಂದು ನೀನು ರೇಗಿದ್ದೆ. ಕತ್ತರಿಸಿ ತೆಗೆದ ಆ ತುಂಡು ಇದೆಯೇ? ಇದ್ದರೆ ತೆಗೆದುಕೊಂಡು ಹೊರಟು ಬಾ. ಶಿವರಾತ್ರಿ ಕಳೆದರೆ ಗಂಗುಲಪ್ಪ ಟೆಂಟು ಕೀಳುತ್ತಾನೆ. ನಾನು ಎದುರಿಗೆ ನಿಂತು ಬದುಕಿದ್ದೇನೆ ಎಂದರೆ ಅವಳು ನಂಬುವುದಿಲ್ಲ. ಪರದೆಯ ಮೇಲೆ ಎದ್ದು ಕೂತರೆ ನಂಬಿಯಾಳು.